ನೆಲ ನಡುಗಿದರೆ ಒಳಗೆ

ನೆಲ ನಡುಗಿದರೆ ನಮ್ಮೂರಿನವರು ಮನೆಯೊಳಗೆ ಓಡುತ್ತಾರೆ. ಬೇರೆ ಊರುಗಳಲ್ಲಿ ಜನ ಮನೆಯಿಂದ ಹೊರಗೆ ಓಡುತ್ತಾರೆ. ನನ್ನ ಹೆಂಡತಿ ಹೊರಗೆ ಓಡುವ ಊರಿನವಳು. ನಮ್ಮೂರಿಗೆ ಬಂದು ಒಳಗೆ ಓಡುವುದನ್ನು ಕಲಿತಳು. ಕಲಿತದ್ದರಿಂದಲೇ ಇವತ್ತು ಅವಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಮುಚ್ಚಿಟ್ಟು ಕಥೆ ಕಟ್ಟುವ ತಾಳ್ಮೆ ನನಗಿಲ್ಲ, ಆಸೆಯೂ ಇಲ್ಲ.

ನಮ್ಮೂರು ಕನಕಪುರದ ಕಡೆ, ಒಂದು ದೊಡ್ಡ ಬಂಡೆಯ ಬುಡದಲ್ಲಿದೆ. ಬಂಡೆ ಅಂದರೆ ಗುಡ್ಡದಷ್ಟು ಬಂಡೆ. ಅದರ ಬೆನ್ನ ಹಿಂದೆ ನಾನು ಹುಟ್ಟುವ ಮೊದಲಿನಿಂದಲೂ ಕ್ವಾರಿ ನಡೆಯುತ್ತಿದೆ. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಸೈರನ್ ಕೂಗುತ್ತದೆ. ಕೂಗಿದ ಕೂಡಲೇ ದನ ಕೊಟ್ಟಿಗೆಗೆ, ಮಕ್ಕಳು ಮನೆಗೆ, ಬೀದಿಯಲ್ಲಿದ್ದವರು ಸಿಕ್ಕಿದವರ ಸೂರಿನ ಕೆಳಗೆ. ಆಮೇಲೆ ಮದ್ದು ಹೊಡೆಯುತ್ತಾರೆ. ನೆಲ ಧಡ್ ಅನ್ನುತ್ತದೆ, ಅಟ್ಟದ ಪಾತ್ರೆಗಳು ಗಿಲಿಗಿಲಿ ಅನ್ನುತ್ತವೆ, ಒಮ್ಮೊಮ್ಮೆ ಒಂದೆರಡು ಕಲ್ಲು ಗುಡ್ಡ ಹಾರಿ ಊರೊಳಕ್ಕೂ ಬಂದು ಬೀಳುತ್ತವೆ. ಎರಡನೇ ಸೈರನ್ ಆದ ಮೇಲೆ ಎಲ್ಲರೂ ಹೊರಗೆ ಬಂದು ಬಿಟ್ಟ ಕೆಲಸ ಹಿಡಿಯುತ್ತಾರೆ. ಕೆಲವು ದಿನ ಸೈರನ್ ಕೆಟ್ಟಿರುತ್ತದೆ, ಇಲ್ಲವೇ ಕೂಗಿಸುವವನು ಮರೆತಿರುತ್ತಾನೆ. ಆಗ ನೆಲ ನಡುಗುವುದೇ ನಮಗೆ ಸೈರನ್. ನಡುಗಿದ್ದಕ್ಕೂ ಕಲ್ಲು ಬೀಳುವುದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ, ಅಷ್ಟರಲ್ಲಿ ಒಳಗೆ ನುಗ್ಗಬೇಕು. ನಮ್ಮಲ್ಲಿ ಹೆಜ್ಜೆಯಿಡಲು ಕಲಿತ ಮಗುವಿಗೆ ಮೊದಲು ಕಲಿಸುವ ಬುದ್ಧಿಯೇ ಇದು. ನೆಲ ನಡುಗಿದರೆ ಒಳಗೆ.

ಅದಕ್ಕೆ ತಕ್ಕ ಹಾಗೆ ನಮ್ಮ ಮನೆಯೂ ಇತ್ತು. ನಮ್ಮ ತಾತ ಕಲ್ಲು ಒಡೆಯುವವನು. ಕಲ್ಲು ಮಣ್ಣಿನ ದಪ್ಪ ಗೋಡೆ ಎಬ್ಬಿಸಿ ಮೇಲೆ ಆಳುದ್ದದ ಕಲ್ಲಿನ ಚಪ್ಪಡಿ ಹಾಸಿದ್ದ. ಆನೆ ಬಂದು ನಿಂತರೂ ಜಗ್ಗುವುದಿಲ್ಲ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಪಕ್ಕದವರ ಶೀಟಿನ ಮನೆ ಹಾರಿಬಂದ ಕಲ್ಲಿಗೆ ತೂತುಬಿದ್ದು ಮಳೆಗಾಲದಲ್ಲಿ ಜರಡಿಯಾಗುತ್ತಿತ್ತು. ನಮ್ಮ ಚಪ್ಪಡಿಯ ಮೇಲೆ ಕಲ್ಲು ಬಿದ್ದರೆ ಟಣ್ ಅಂತ ಸದ್ದಾಗಿ ಪುಟಿದು ಹೋಗುತ್ತಿತ್ತು. ನಡುಮನೆಯ ಒಂದು ಗೋಡೆ ಮಾತ್ರ ಮದ್ದಿನ ಏಟಿಗೆ ಬಿರುಕು ಬಿಡುತ್ತಿತ್ತು. ಸಿಮೆಂಟ್ ಮೆತ್ತುತ್ತಿದ್ದೆವು. ಮತ್ತೆ ಅಲ್ಲೇ ಬಿರುಕು ಬಿಡುತ್ತಿತ್ತು, ಮತ್ತೆ ಮೆತ್ತುತ್ತಿದ್ದೆವು.

ಅವಳು ಸಿಕ್ಕಿದ್ದು ಬಿಡದಿಯಲ್ಲಿ. ನಾನಾಗ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಕೆಲಸದವರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಅವಳು ಅಲ್ಲೇ ಪ್ಯಾಕಿಂಗ್‌ನಲ್ಲಿದ್ದಳು. ಮಿಜೋರಾಮಿನ ಬೆಟ್ಟದ ಮೇಲಿನ ಒಂದು ಹಳ್ಳಿಯವಳು, ಗೆಳತಿಯರ ಜೊತೆ ಬಂದು ರೂಮು ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಯಾವಾಗಲೂ ಬಾಗಿಲ ಪಕ್ಕದ ಸೀಟು ಅವಳದು. ಬೇಗ ಇಳಿಯುವ ಆತುರ ಇರಬೇಕು ಎಂದುಕೊಂಡಿದ್ದೆ. ಹೋಟೆಲಿಗೆ ಹೋದರೂ ಬಾಗಿಲ ಪಕ್ಕವೇ ಕೂರುತ್ತಾಳೆ, ಟಾಕೀಸಿನಲ್ಲೂ ಬಾಗಿಲ ಪಕ್ಕವೇ ಕೂರುತ್ತಾಳೆ ಎನ್ನುವುದು ಆಮೇಲೆ ಗೊತ್ತಾಯಿತು. ಯಾಕೆ ಎಂದು ಕೇಳಿದರೆ ನಕ್ಕು, ಅವಳ ಊರಲ್ಲಿ ಭೂಮಿ ಹೇಳದೆ ಕೇಳದೆ ಅಲ್ಲಾಡುತ್ತದೆ, ಬಾಗಿಲು ಕಾಣದಿದ್ದರೆ ತುತ್ತು ಇಳಿಯುವುದಿಲ್ಲ ಎಂದಳು. ಬಸ್ಸಿನಲ್ಲಿ ಎಲ್ಲರೂ ನನ್ನನ್ನು ಅಣ್ಣ ಎನ್ನುತ್ತಿದ್ದರಿಂದ ಅವಳೂ ಹಾಗೇ ಕಲಿತಿದ್ದಳು. ಮದುವೆಯ ಮಾತು ಮುಗಿದ ಮೇಲೂ ನಾಲಿಗೆ ಹೊರಳಿ ಅಣ್ಣ ಎಂದು ಕರೆದು, ಬಸ್ಸಿಗೆ ಬಸ್ಸೇ ಹೋ ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಮದುವೆಯ ಸುದ್ದಿ ಕೇಳಿ ಅವ್ವ ಮೊದಲು ಊಟ ಬಿಟ್ಟು ಕೂತಳು. ನಮ್ಮಪ್ಪ ಹೋಗಿ ಬಹಳ ಕಾಲವಾಗಿತ್ತು, ಮನೆಯಲ್ಲಿ ನಾವಿಬ್ಬರೇ. ಬರುವವಳು ಹೇಗಿರುತ್ತಾಳೋ, ಏನು ತಿನ್ನುತ್ತಾಳೋ, ಯಾವ ಭಾಷೆಯಲ್ಲಿ ಬೈಯುವುದೋ ಎನ್ನುವುದೇ ಅವಳ ಚಿಂತೆ. ಮದುವೆಯಾಗಿ ಬಂದವಳನ್ನು ಊರಿನವರು ‘ನೇಪಾಳದೋಳು’ ಎಂದರು. ನೇಪಾಳ ಅಲ್ಲ ಎಂದು ತಿದ್ದಿ ತಿದ್ದಿ ನನಗೇ ಸಾಕಾಯಿತು. ಮುದ್ದೆಯನ್ನು ನುಂಗದೆ ಅಗಿಯುತ್ತಾಳೆ ಎಂದು ನಗಲಿಕ್ಕೆ ಬೀದಿಯ ಹೆಂಗಸರು ಊಟದ ಹೊತ್ತಿಗೇ ಬರುತ್ತಿದ್ದರು. ಅವಳೂ ಅವರ ಜೊತೆ ನಗುತ್ತಿದ್ದಳು. ಅವ್ವನಿಗೆ ಅದು ಹಿಡಿಸಿತು. ತನ್ನನ್ನು ನೋಡಿ ನಗುವವರ ಜೊತೆ ತಾನೂ ನಗುವವಳು ಮನೆ ಒಡೆಯುವುದಿಲ್ಲ ಎಂದಳು.

ಮೊದಲ ಸಲ ಮದ್ದು ಹೊಡೆದಾಗ ಅವಳು ನಡುಮನೆಯಲ್ಲಿ ತಟ್ಟೆ ಮುಂದೆ ಕೂತಿದ್ದಳು. ಸೈರನ್ ವಿಷಯ ಹೇಳಿದ್ದೆ. ತಲೆಯಾಡಿಸಿದ್ದಳು. ಆದರೆ ನೆಲ ನಡುಗಿದ ಗಳಿಗೆಯಲ್ಲಿ ತಟ್ಟೆ ಒಂದು ಕಡೆ, ಅವಳು ಒಂದು ಕಡೆ. ಬಾಗಿಲು ದಾಟಿ ಅಂಗಳದ ನಡುವೆ ಹೋಗಿ ಮಂಡಿಯೂರಿ ನೆಲಕ್ಕೆ ಅಂಗೈ ಒತ್ತಿ ತನ್ನ ಭಾಷೆಯಲ್ಲಿ ಏನೋ ಕೂಗತೊಡಗಿದಳು. ಗುಡ್ಡದ ಕಡೆಯಿಂದ ಚೂರು ಕಲ್ಲು ಸುಯ್ಯೆಂದು ಬರುವ ಹೊತ್ತು ಅದು. ಅವ್ವ ಮೂಲೆಯಲ್ಲಿದ್ದ ಮೊರ ತಲೆಯ ಮೇಲೆ ಹಿಡಿದು ಓಡಿಹೋಗಿ, ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದಳು. ಕಲ್ಲಿಗೆ ಮೊರ ಅಡ್ಡ ಹಿಡಿದ ಅವ್ವ, ಸಾರು ಮೆತ್ತಿದ ಕೈ ನೆಲಕ್ಕೆ ಊರಿದ ಸೊಸೆ. ಎದುರು ಮನೆಯವರು ಕಿಟಕಿಯಲ್ಲೇ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಏನು ಕೂಗಿದೆ ಎಂದು ಅವ್ವ ಕೇಳಿದಳು. ಅವಳು ಬಸ್ಸಿನಲ್ಲಿ ಕಲಿತ ಕನ್ನಡದಲ್ಲಿ ಬಿಡಿಬಿಡಿಯಾಗಿ ಹೇಳಿದಳು.

“ನೆಲದ ಕೆಳಗೆ ಒಬ್ಬ ತಾತ ಇದಾನೆ ಅವ್ವ. ನಮ್ ಅಜ್ಜಿ ಹೇಳಿದ್ದು. ವಯಸ್ಸಾಗಿದೆ, ಕಣ್ ಕಾಣಲ್ಲ. ಮೇಲೆ ಮಕ್ಳು ಇದಾರಾ, ಎಲ್ಲ ಹೋದ್ರಾ ಅಂತ ನೆಲ ಅಲ್ಲಾಡ್ಸಿ ನೋಡ್ತಾನೆ. ಇದೀವಿ, ಇದೀವಿ ಅಂತ ಕೂಗ್ಬೇಕು. ಕೇಳಿದ್ರೆ ಸುಮ್ನೆ ಆಗ್ತಾನೆ.”

ಅವ್ವ ಅವಳ ಕೈ ತೊಳೆಸುತ್ತಾ ಗಂಭೀರವಾಗಿಯೇ ಉತ್ತರ ಕೊಟ್ಟಳು. “ನಮ್ ನೆಲದ ಕೆಳುಗೆ ತಾತ ಇಲ್ಲ ಕಣವ್ವ. ಕ್ವಾರಿ ಓನರ್ ಅವ್ನೆ. ನಾವ್ ಇದ್ರೂ ಅವ್ನಿಗೆ ಅಷ್ಟೇ, ಸತ್ರೂ ಅಷ್ಟೇ. ನೀನ್ ಕೂಗ್ಬೇಡ, ಒಳೀಕ್ ಬಾ.”

ಬುದ್ಧಿಗೆ ಅರ್ಥವಾದದ್ದು ಕಾಲಿಗೆ ಅರ್ಥವಾಗಬೇಕಲ್ಲ. ತಿಂಗಳುಗಟ್ಟಲೆ ಅವಳ ಕಾಲು ಅವಳ ಮಾತು ಕೇಳಲಿಲ್ಲ. ಸೈರನ್ ಆದಾಗ ಒಳಗೆ ಬಂದು ಕೂರುತ್ತಿದ್ದಳು, ಮದ್ದು ಹೊಡೆದ ತಕ್ಷಣ ಎದ್ದು ಹೊರಗೆ ಜಿಗಿಯುತ್ತಿದ್ದಳು. ನಾನೋ ಅವ್ವನೋ ಸೆರಗು ಹಿಡಿದು ಕೂರಬೇಕಿತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಬೀದಿಯವರು ಆಡಿಕೊಂಡರು. ಮಲಗುವಾಗ ಅವಳು ಮೇಲೆ ನೋಡುತ್ತಿದ್ದಳು. ಅವಳ ಊರಿನ ಮನೆ ಮರದ ಹಲಗೆ, ಬಿದಿರಿನ ತಟ್ಟಿ, ಮೇಲೆ ತಗಡು. ಭೂಮಿ ಅಲ್ಲಾಡಿದರೆ ಮನೆಯೂ ಜೊತೆಯಲ್ಲಿ ಅಲ್ಲಾಡಿ ಸುಮ್ಮನಾಗುತ್ತದಂತೆ, ಬಿದ್ದರೂ ಒಂದು ಗಾಯ ಅಷ್ಟೇ. “ನೀವು ತಲೆ ಮೇಲೆ ಕಲ್ಲು ಇಟ್ಕೊಂಡ್ ಮಲಗ್ತೀರ, ನಂಗೆ ನಿದ್ದೆ ಬರಲ್ಲ,” ಅಂದಳು. ಹಿಂದುಗಡೆ ಒಂದು ಶೀಟಿನ ರೂಮು ಹಾಕಿಕೊಡು ಎಂಬುದೊಂದೇ ಅವಳು ನನ್ನನ್ನು ಕೇಳಿದ್ದು. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಹಗುರವಾದ ಒಂದು ಸೂರು ಕೇಳಿದಳು.

ಅವ್ವ ಒಪ್ಪಲಿಲ್ಲ. ಪಕ್ಕದ ಮನೆಗೆ ಕರೆದುಕೊಂಡು ಹೋಗಿ ಶೀಟಿನ ತೂತುಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸಿದಳು. “ನೋಡು, ಇದ್ರ ಕೆಳುಗ್ ಮಲಗಿದ್ರೆ ಬುರುಡೆ ಉಳೀತದಾ?” ಅಂದಳು. ಅವ್ವ ಹೇಳಿದ್ದು ಸರಿ. ಅವಳು ಹೇಳಿದ್ದೂ ಸರಿ. ನಾನು ಈಗಲೂ ಒಬ್ಬನೇ ಕೂತು ಇಬ್ಬರ ಮಾತನ್ನೂ ತೂಗಿ ನೋಡುತ್ತೇನೆ, ಯಾರದೂ ತಪ್ಪು ಸಿಗುವುದಿಲ್ಲ. ತಪ್ಪು ಸಿಕ್ಕಿದ್ದರೆ ಯಾರ ಮೇಲಾದರೂ ಕೂಗಾಡಿ ಎದೆ ಹಗುರ ಮಾಡಿಕೊಳ್ಳಬಹುದಿತ್ತು.

ಅವಳ ಕಾಲು ಬುದ್ಧಿ ಕಲಿತದ್ದು ಒಂದು ಮಧ್ಯಾಹ್ನ. ಅವತ್ತು ಸೈರನ್ ಆಗಿರಲಿಲ್ಲ. ಅವಳು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ನೆಲ ಧಡ್ ಅಂದಿತು. ಅವಳು ಒಗೆಯುವ ಕಲ್ಲು ಬಿಟ್ಟು ಅಂಗಳದ ನಡುವೆ ಓಡಿ ಎಂದಿನಂತೆ ಮಂಡಿಯೂರಿದಳು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಬಂದು ಅವಳ ಕೈಯಳತೆಯಲ್ಲಿ ಬಿತ್ತು. ನೀರು ತುಂಬಿದ್ದ ಬಕೆಟ್ ಸೀಳಿಹೋಯಿತು. ನಾನು ರಜೆಯಲ್ಲಿದ್ದೆ, ಬಾಗಿಲಲ್ಲೇ ನಿಂತು ನೋಡಿದೆ.

ಅವ್ವ ಓಡಿಹೋಗಿ ಅವಳನ್ನು ಎಬ್ಬಿಸಿ ತಂದು, ಒಳಗೆ ನಿಲ್ಲಿಸಿ, ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ತಾನೇ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಗಂಡ ಸತ್ತಾಗ ಅವ್ವ ಅತ್ತದ್ದನ್ನು ನಾನು ನೋಡಿದ್ದೇನೆ, ಅದು ಹೀಗಿರಲಿಲ್ಲ. ಅವಳ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಳು.

“ನನ್ ತಲೆ ಮುಟ್ಟಿ ಯೋಳು. ಸೈರನ್ ಆಗ್ಲಿ ಬುಡ್ಲಿ, ನೆಲ ನಡುಗುದ್ರೆ ಒಳೀಕ್ ಬತ್ತೀನಿ ಅಂತ ಯೋಳು. ನಾನ್ ಕರ್ದೇಟ್ಗೇ ಬತ್ತೀನಿ ಅಂತ ಯೋಳು ಮಗ.”

“ಬತ್ತೀನಿ ಅವ್ವ,” ಅಂದಳು. ನಮ್ಮ ಭಾಷೆಯಲ್ಲೇ ಹೇಳಿದಳು.

ಅವತ್ತಿನಿಂದ ಅವಳು ಬದಲಾದಳು. ನಮ್ಮ ಹಾಗೆಯೇ ಓಡಿ ಬರುತ್ತಿದ್ದಳು. ಬರುವಾಗ ಒಣಹಾಕಿದ ಮೆಣಸಿನಕಾಯಿಯನ್ನೋ, ಎದುರು ಮನೆಯ ಮಗುವನ್ನೋ ಬಾಚಿಕೊಂಡೇ ಬರುತ್ತಿದ್ದಳು. ಒಳಗೆ ಬಂದು ಮದ್ದಿನ ಸದ್ದು ಅಡಗುವವರೆಗೂ ಅವ್ವನ ಪಕ್ಕ ಗೋಡೆಗೆ ಒರಗಿ ಕೂರುತ್ತಿದ್ದಳು. ಬಾಗಿಲ ಪಕ್ಕ ಕೂರುವುದನ್ನೂ ಬಿಟ್ಟಳು. ‘ಇದೀವಿ’ ಎಂದು ಕೂಗುವುದನ್ನೂ ಬಿಟ್ಟಳು. ಅವ್ವ ಮರಳವಾಡಿಯಿಂದ ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳಿದಳು, ಇನ್ನು ನಮ್ಮ ಸೊಸೆ ನೇಪಾಳದವಳಲ್ಲ, ನಮ್ಮೂರಿನವಳು ಎಂದು. ಮುದ್ದೆ ನುಂಗುವುದನ್ನು ಕಲಿತದ್ದಕ್ಕಿಂತಲೂ ಅದು ದೊಡ್ಡ ಸರ್ಟಿಫಿಕೇಟು. ನಾನೂ ಖುಷಿಪಟ್ಟೆ. ಆದರೆ ಒಮ್ಮೊಮ್ಮೆ ನೆಲ ನಡುಗಿ ನಿಂತ ಮೇಲೆ ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿದ್ದುದನ್ನು ನೋಡಿದ್ದೇನೆ. ನೆಲದ ಕೆಳಗಿನ ತಾತನಿಗೆ ಒಳಗಿನಿಂದಲೇ ಪಿಸುಗುಡುತ್ತಿದ್ದಳೋ ಏನೋ.

ಅವಳು ಒಂದು ಸಲ ನನಗೆ ವ್ಯತ್ಯಾಸ ಹೇಳಿಕೊಟ್ಟಿದ್ದಳು. ನಿಮ್ಮ ಮದ್ದು ಒಂದೇ ಸಲ ಎದೆಗೆ ಗುದ್ದಿ ಹೋಗುತ್ತದೆ, ಭೂಮಿ ಅಲ್ಲಾಡುವುದು ಹಾಗಲ್ಲ, ತೆಪ್ಪದಲ್ಲಿ ನಿಂತ ಹಾಗೆ ಕಾಲ ಕೆಳಗೆ ತೂಗುತ್ತದೆ ಎಂದಿದ್ದಳು. ನಾನು ಕೇಳಿ ಮರೆತೆ. ನಮ್ಮ ಕಡೆ ಎಲ್ಲಿ ಬರುತ್ತದೆ ಭೂಕಂಪ.

ಅದು ಯುಗಾದಿಯ ಮಾರನೇ ದಿನ, ಹೊಸತೊಡಕು. ಆ ದಿನ ನಮ್ಮ ಸೀಮೆಯಲ್ಲಿ ಬಾಡಿನ ಸಾರು ಕುದಿಯದ ಮನೆ ಇರುವುದಿಲ್ಲ. ಊರವರೆಲ್ಲ ಸೇರಿ ಮರಿ ಕೊಯ್ದು, ಹಾಸಿದ ಟಾರ್ಪಾಲಿನ ಮೇಲೆ ಮನೆಗೊಂದು ಗುಡ್ಡೆಯಂತೆ ಬಾಡು ಹಂಚಿಕೊಳ್ಳುತ್ತೇವೆ. ಕ್ವಾರಿಗೂ ರಜ. ಬೆಂಗಳೂರಿನಿಂದ ನೆಂಟರು ಬೆಳಿಗ್ಗೆಯೇ ಕಾರು ತುಂಬಿ ಬಂದಿರುತ್ತಾರೆ. ಅವಳು ಮಸಾಲೆ ಅರೆಯಲು ಕೂತಿದ್ದಳು. ನಾನು ಹೊರಡುವಾಗ, “ಮೂಳೆ ಜಾಸ್ತಿ ಹಾಕಿಸ್ಕೊಂಡ್ ಬನ್ನಿ, ಅವ್ವನಿಗೆ ಇಷ್ಟ,” ಅಂದಳು. ಅವಳು ನನಗೆ ಹೇಳಿದ ಕೊನೆಯ ಮಾತು ಇದು. ಇಷ್ಟು ಸಾದಾ ಮಾತು ಕೊನೆಯ ಮಾತಾಗುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ?

ಅರಳಿಕಟ್ಟೆಯ ಹತ್ತಿರ ಬಾಡು ಹಂಚುತ್ತಿದ್ದರು. ನಮ್ಮ ಗುಡ್ಡೆಯನ್ನು ಕವರಿಗೆ ತುಂಬಿಕೊಂಡಿದ್ದೆ. ಆಗ ನೆಲ ನಡುಗಿತು.

ಊರಿನ ಗಂಡಸರೆಲ್ಲ ಕತ್ತಿ, ಬಾಡು, ಬೀಡಿ ಹಿಡಿದುಕೊಂಡೇ ಶಾಲೆಯ ಜಗುಲಿಗೆ ನುಗ್ಗಿದೆವು. ಯಾರೂ ಯೋಚಿಸಲಿಲ್ಲ, ಕಾಲು ತಾನೇ ಹೊತ್ತುಕೊಂಡು ಹೋಯಿತು. ನೆಂಟರೆಲ್ಲ ಮನೆಗಳಿಂದ ಹೊರಬಿದ್ದು ರಾಗಿ ಕುಯ್ದ ಹೊಲದ ಕಡೆಗೆ ಓಡಿದರು. ಅರ್ಧ ಸೀರೆ ಉಟ್ಟವರು, ಮುಖಕ್ಕೆ ಸೋಪು ಹಚ್ಚಿಕೊಂಡವರು, ಮೊಬೈಲು ಎತ್ತಿ ಹಿಡಿದವರು. ಬೀದಿಯಲ್ಲಿ ನಾವು ಆ ಕಡೆ, ಅವರು ಈ ಕಡೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡೆವು. ಜಗುಲಿಯಲ್ಲಿ ನಿಂತು ನಾವು ಅವರನ್ನು ನೋಡಿ ನಕ್ಕೆವು. “ಪ್ಯಾಟೆಯೋರು ನೋಡ್ಲಾ, ಮದ್ದಿನ ಸದ್ದಿಗೇ ಉಚ್ಚೆ ಹುಯ್ಕತಾರೆ,” ಎಂದ ಒಬ್ಬ. ಅವರು ಹೊಲದಿಂದ ಕೈ ಬೀಸಿ, ಹೊರಗೆ ಬನ್ನಿ, ಹೊರಗೆ ಬನ್ನಿ ಎಂದು ಕಿರುಚುತ್ತಿದ್ದರು. ನಾವು ಅವರಿಗೆ ಒಳಗೆ ಬನ್ನಿ, ಒಳಗೆ ಬನ್ನಿ ಎಂದು ಕಿರುಚುತ್ತಿದ್ದೆವು.

ಚಾವಣಿಯ ಮೇಲೆ ಕಲ್ಲು ಬೀಳುವ ಸದ್ದಿಗೆ ಕಾದೆವು. ಒಂದೂ ಬೀಳಲಿಲ್ಲ. ಎರಡನೇ ಸೈರನ್ ಕೂಡ ಬರಲಿಲ್ಲ. ಆಗ ನನ್ನ ಪಕ್ಕದವನು ನಿಧಾನಕ್ಕೆ ಕೇಳಿದ.

“ಲೇ, ಇವತ್ತು ಕ್ವಾರಿ ರಜ ಅಲ್ವೇನ್ಲಾ?”

ಹಾಗಾದರೆ ಇದು ಭೂಕಂಪವೇ ಎಂದು ಒಬ್ಬೊಬ್ಬರೇ ಹೊರಗೆ ಬಂದೆವು. ನನಗೆ ಮೊದಲು ನೆನಪಾದದ್ದು ಅವಳೇ. ನೆನಪಾಗಿ ನಗು ಬಂತು. ಈ ಊರಿಗೆ ಊರೇ ಮಂಕಾಗಿ ಒಳಗೆ ಓಡಿದೆ, ಭೂಕಂಪ ಅಂದರೆ ಏನು ಎಂದು ಗೊತ್ತಿರುವವಳು ಅವಳೊಬ್ಬಳೇ, ಈಗ ಅಂಗಳದಲ್ಲಿ ನಿಂತು ಅವ್ವನಿಗೆ ಪಾಠ ಹೇಳುತ್ತಿರುತ್ತಾಳೆ ಎಂದುಕೊಂಡೆ. ಇನ್ನು ನಾನು ಸಾಯುವವರೆಗೂ ನನ್ನನ್ನು ಆಡಿಕೊಳ್ಳುತ್ತಾಳೆ ಎಂದುಕೊಂಡೆ. ದಾರಿಯಲ್ಲಿ ನಿಂತು ಒಬ್ಬರ ಹತ್ತಿರ ಮಾತಾಡಿದೆ. ಅಂಗಡಿಯಲ್ಲಿ ಕೊತ್ತಂಬರಿ ತೆಗೆದುಕೊಂಡೆ. ಓಡಲಿಲ್ಲ. ಓಡಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು, ಇರಬಹುದು. ಆದರೆ ಆ ಕೊತ್ತಂಬರಿಯ ವಾಸನೆಯನ್ನು ನಾನು ಇವತ್ತಿಗೂ ತಡೆದುಕೊಳ್ಳಲಾರೆ.

ನಮ್ಮ ಬೀದಿಯ ತಿರುವಿನಲ್ಲೇ ದೂಳು ಕಂಡಿತು. ಮನೆಯ ಮುಂದೆ ಹೆಂಗಸರು ತಲೆ ಚಚ್ಚಿಕೊಳ್ಳುತ್ತಿದ್ದರು. ನಡುಮನೆಯ ಆ ಗೋಡೆ, ಎಷ್ಟೋ ಸಲ ಮೆತ್ತಿದ್ದ ಗೋಡೆ, ಬಾಗಿ ಬಿದ್ದಿತ್ತು. ಅದರ ಮೇಲೆ ನಿಂತಿದ್ದ ಚಪ್ಪಡಿ ಜಾರಿತ್ತು. ಒಂದೇ ಚಪ್ಪಡಿ. ಉಳಿದವೆಲ್ಲ ನಮ್ಮ ತಾತ ಇಟ್ಟ ಹಾಗೆಯೇ ಇದ್ದವು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಮೈಯೆಲ್ಲ ದೂಳಾಗಿ ಕೂತಿದ್ದಳು, ಒಂದು ಗೀರೂ ಆಗಿರಲಿಲ್ಲ. ಚಪ್ಪಡಿಯನ್ನು ಎತ್ತಲು ಹೊಲಕ್ಕೆ ಓಡಿದ್ದ ನೆಂಟರೇ ಮೊದಲು ಬಂದರು. ಎತ್ತುವಾಗ ನಾನೂ ಕೈಹಾಕಿದೆ. ಅದರ ತೂಕ ಎಷ್ಟು ಎಂದು ನನ್ನ ಕೈಗೆ ಗೊತ್ತಿದೆ. ಇನ್ನು ಅದರ ಬಗ್ಗೆ ಬರೆಯಲಾರೆ.

ಒಳಗೆ ಏನಾಯಿತು ಎಂದು ಅವ್ವ ಆಮೇಲೆ ಹೇಳಿದಳು. ಕೇಳದೆಯೇ ಹೇಳಿದಳು, ಎಷ್ಟೋ ಸಲ ಹೇಳಿದಳು. ಮಸಾಲೆ ಅರೆದು ಮುಗಿಸಿ ಅವಳು ಕೈ ತೊಳೆಯಲು ಅಂಗಳಕ್ಕೆ ಹೋಗಿದ್ದಳಂತೆ. ನೆಲ ತೂಗಿದಾಗ ಅವಳು ಹೊರಗಿದ್ದಳು. ಮೊದಲು ಅವಳಿಗೆ ತಿಳಿಯಿತು. “ಅವ್ವ, ಇದು ಅದಲ್ಲ, ಈಚೀಕ್ ಬನ್ನಿ, ಈಚೀಕ್ ಬನ್ನಿ,” ಎಂದು ಕೂಗಿದಳು. ಅವ್ವ ಒಳಗಿನಿಂದ, “ಒಳೀಕ್ ಬಾರೇ, ಮಾತ್ ಕೊಟ್ಟಿದ್ದೀಯ, ಬಾ,” ಎಂದು ಕೂಗಿದಳು. ಇಬ್ಬರೂ ಒಬ್ಬರನ್ನೊಬ್ಬರು ಕರೆದರು. ಯಾರು ಯಾರ ಮಾತು ಕೇಳಬೇಕಿತ್ತು? ಅವಳು ಒಂದು ಗಳಿಗೆ ನಿಂತಳು. ಆಮೇಲೆ ಹೊಸಿಲು ದಾಟಿ ಕೈ ಮುಂದೆ ಚಾಚಿಕೊಂಡು ಅವ್ವನ ಕಡೆಗೆ ಓಡಿ ಬಂದಳು. ಅಷ್ಟೇ.

“ನನ್ ಮಾತ್ ಉಳ್ಸಕ್ಕೆ ಬಂದ್ಲು ಕಣ್ಲಾ,” ಅನ್ನುತ್ತಾಳೆ ಅವ್ವ. “ತಲೆ ಮುಟ್ಟಿದ್ಲಲ್ಲ, ಅದ್ಕೇ ಬಂದ್ಬುಟ್ಲು.”

“ನಿನ್ನ ಎಳ್ಕೊಂಡ್ ಓಗಾಕೆ ಬಂದಿದ್ಲು ಅವ್ವ,” ಅನ್ನುತ್ತೇನೆ ನಾನು. “ಮಾತ್ ಉಳ್ಸೋಳು ಕೈ ಯಾಕ್ ಚಾಚ್ತಾಳೆ?”

ಅವ್ವ ಕೇಳಿಸಿಕೊಳ್ಳುತ್ತಾಳೆ, ಮಾರನೇ ದಿನ ಮತ್ತೆ ಶುರು ಮಾಡುತ್ತಾಳೆ. ಯಾವುದು ನಿಜ ಎಂದು ನನಗೂ ಗೊತ್ತಿಲ್ಲ. ನಾನು ಹೇಳುವುದು ಅವ್ವ ಬದುಕಲಿ ಎಂದು.

ಪೇಪರಿನಲ್ಲಿ ಮೂಲೆಯಲ್ಲೊಂದು ಸುದ್ದಿ ಬಂತು. ಲಘು ಕಂಪನ, ಪ್ರಾಣಹಾನಿ ಇಲ್ಲ, ಜನ ಆತಂಕಪಡಬೇಕಾಗಿಲ್ಲ ಎಂದು ಬರೆದಿದ್ದರು. ತಾಲ್ಲೂಕು ಆಫೀಸಿನಿಂದ ನೋಡಿಕೊಂಡು ಹೋಗಲು ಬಂದವರು ನಮ್ಮದನ್ನು ಹಳೇ ಮನೆ ಕುಸಿತ ಎಂದರು. ನಾನು ಅವರ ಮೇಲೆ ಹರಿಹಾಯ್ದೆ. ನನ್ನ ಹೆಂಡತಿ ಪ್ರಾಣ ಅಲ್ಲವೇನ್ರಿ ಎಂದು ಕೇಳಿದೆ. ಊರವರು ನನ್ನನ್ನು ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದರು.

ಅವಳ ಅಣ್ಣ ಅಷ್ಟು ದೂರದಿಂದ ಬಂದ. ಮುಖ ಅವಳದೇ. ನಮ್ಮ ಹೊಲದ ಬದುವಿನಲ್ಲಿ, ಹೊಂಗೆಮರದ ಕೆಳಗೆ ಮಣ್ಣು ಮಾಡಿದೆವು. ಅವನು ತನ್ನ ಭಾಷೆಯಲ್ಲಿ ಪ್ರಾರ್ಥನೆ ಹೇಳಿದ, ನಾವು ನಮ್ಮ ಪದ್ಧತಿಯಂತೆ ಹಿಡಿ ಮಣ್ಣು ಹಾಕಿದೆವು. ಮನೆಗೆ ಕರೆದರೆ ಒಳಗೆ ಬರಲಿಲ್ಲ. ಅಂಗಳದಲ್ಲೇ ಕೂತು ಉಳಿದ ಚಪ್ಪಡಿಗಳನ್ನು ನೋಡುತ್ತಿದ್ದ. ಅವ್ವ ಅನ್ನವನ್ನು ಅಲ್ಲಿಗೇ ತಂದಿಟ್ಟಳು. ಅವನು ನನ್ನನ್ನು ಹಿಂದಿಯಲ್ಲಿ ಕೇಳಿದ, ನಮ್ಮೂರಿನಲ್ಲಿ ಮೂರು ವರ್ಷದ ಮಗು ಕೂಡ ಹೊರಗೆ ಓಡುತ್ತದೆ, ನನ್ನ ತಂಗಿ ಯಾಕೆ ಒಳಗೆ ಹೋದಳು ಎಂದು. ಅವನಿಗೆ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ. ಸೈರನ್, ಮದ್ದು, ಹಾರುವ ಕಲ್ಲು, ಎಲ್ಲ ಹೇಳಲು ಬಾಯಿ ತೆರೆದೆ. ಒಂದು ಕಡೆ ಕಲ್ಲಿನ ಮಳೆ, ಇನ್ನೊಂದು ಕಡೆ ಕಲ್ಲಿನ ಸೂರು, ಅತ್ತ ದರಿ ಇತ್ತ ಪುಲಿ ಎಂಬುದನ್ನು ಹಿಂದಿಯಲ್ಲಿ ಹೇಗೆ ಹೇಳುವುದು? ನಮ್ಮವಳಾಗಿಬಿಟ್ಟಿದ್ದಳು, ಅದಕ್ಕೇ, ಎಂದು ಮಾತ್ರ ಹೇಳಿದೆ. ಅವನು ನನ್ನ ಮುಖ ನೋಡಿ ಅನ್ನ ಕಲಸಿದ.

ಅವನು ಹೋದ ಮೇಲೆ ನಡುಮನೆಯ ಚಪ್ಪಡಿಗಳನ್ನೆಲ್ಲ ಇಳಿಸಿದೆವು. ಅಡುಗೆಮನೆ ಮಾತ್ರ ಉಳಿಯಿತು. ಬಯಲಾದ ಜಾಗಕ್ಕೆ ನಾನು ಶೀಟು ಹೊದಿಸಿದೆ. ಅವಳು ಕೇಳಿದ್ದ ಹಗುರವಾದ ಸೂರು ಅವಳಿಲ್ಲದ ಮನೆಗೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಗಾದೆಯನ್ನು ನಮ್ಮವರು ಸುಮ್ಮನೆ ಮಾಡಿಲ್ಲ.

ಕ್ವಾರಿ ಮತ್ತೆ ಶುರುವಾಯಿತು. ಮೊದಲ ದಿನ ಸೈರನ್ ಕೂಗಿದಾಗ ನಾನು ಅಂಗಳದಲ್ಲಿದ್ದೆ. ನಾಚಿಕೆಯಿಲ್ಲದ ಕಾಲು, ಒಳಗೆ ಓಡಿತು. ಅಡುಗೆಮನೆಯ ಕಲ್ಲಿನ ಸೂರಿನ ಕೆಳಗೆ ನಿಂತು ಹಿಂತಿರುಗಿ ನೋಡಿದರೆ ಅವ್ವ ಒಳಗೆ ಇರಲಿಲ್ಲ. ಅಂಗಳದಲ್ಲೂ ಇರಲಿಲ್ಲ. ಬೇಲಿಯ ಆಚೆ, ಹೊಲದ ದಾರಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಂಗೆಮರದ ಕಡೆಗೆ ಹೋಗುತ್ತಿದ್ದಳು. ತಲೆಯ ಮೇಲೆ ಮೊರವೂ ಇರಲಿಲ್ಲ.

“ಅವ್ವ, ಒಳೀಕ್ ಬಾ!” ಎಂದು ಕೂಗಿದೆ. ತಿರುಗಿಯೂ ನೋಡಲಿಲ್ಲ.

ಮದ್ದು ಹೊಡೆದರು. ನೆಲ ಧಡ್ ಅಂದಿತು. ಅವ್ವ ಬದುವಿನ ಮೇಲೆ ಮಂಡಿಯೂರಿ, ಎರಡೂ ಅಂಗೈಗಳನ್ನು ಆ ಮಣ್ಣಿನ ಮೇಲೆ ಒತ್ತಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

“ಇವ್ನಿ ಕಣವ್ವಾ! ನಾನ್ ಇಲ್ಲೇ ಇವ್ನಿ! ನಿನ್ ಗಂಡನೂ ಅವ್ನೆ! ಇಬ್ರೂ ಇದೀವಿ ಮಗಾ!”

ಚೂರು ಕಲ್ಲುಗಳು ಹೊಲದಲ್ಲಿ ಅಲ್ಲಲ್ಲಿ ಬಿದ್ದವು. ನಾನು ಓಡಿಹೋಗಿ ಅವ್ವನನ್ನು ತಬ್ಬಿ ಹಿಡಿದುಕೊಂಡೆ. ಹುಚ್ಚು ಹಿಡೀತಾ, ತಲೆ ಒಡೆದು ಸಾಯ್ತೀಯ ಎಂದು ಬೈದೆ. ಅವ್ವ ಮಣ್ಣಿನಿಂದ ಕೈ ತೆಗೆಯಲಿಲ್ಲ.

“ಕೆಳುಗೆ ಯಾರೂ ಇಲ್ಲ ಅಂದಿದ್ನಲ್ಲೋ ಮಗ ಅವ್ಳಿಗೆ,” ಅಂದಳು. “ಇವಾಗ ಕೆಳುಗೆ ಅವ್ಳೇ ಅವ್ಳೆ. ಅಲ್ಲಾಡ್ಸಿ ಕೇಳ್ತಾ ಅವ್ಳೆ. ಒಳೀಕ್ ಬಾ ಅಂತ ಕೂಗಿದ್ ಬಾಯಿ ಕಣ್ಲಾ ಇದು. ಇದೀವಿ ಅಂತಾನೂ ಇದೇ ಕೂಗ್ಬೇಕು.”

ಎರಡನೇ ಸೈರನ್ ಆಗುವವರೆಗೂ ನಾವಿಬ್ಬರೂ ಅಲ್ಲೇ ಬಯಲಿನಲ್ಲಿ ಕೂತಿದ್ದೆವು. ಈಗ ದಿನಾ ಹಾಗೇ ಕೂರುತ್ತೇವೆ. ಮಧ್ಯಾಹ್ನ ಸೈರನ್ ಕೂಗಿದಾಗ ಊರು ಒಳಗೆ ಓಡುತ್ತದೆ. ಅವ್ವ ಮತ್ತು ನಾನು ಹೊರಗೆ ಹೋಗುತ್ತೇವೆ.